ಲಾರಿಯ ಹಣೆಯ ಮೇಲಿನ ಹೆಸರು

"ಇದನ್ನ ಮಾಡಿದಾಕಿ ನನ್ನ ತಂಗಿರಿ." ನಾನು ಹೇಳಬೇಕಾಗಿದ್ದದ್ದು ಇಷ್ಟೇ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನ ನಾಲಿಗೆಗೂ ಭಾರವಾಗದ ಮಾತು. ಅದನ್ನು ನಾನು ಹೇಳಲಿಲ್ಲ. ಹೇಳದೆ ಉಳಿಯಲು ನಾನು ಪಟ್ಟ ಕಷ್ಟದಲ್ಲಿ ಅರ್ಧದಷ್ಟನ್ನು ಕೆಲಸ ಕಲಿಯಲು ಪಟ್ಟಿದ್ದರೆ ಒಳ್ಳೆಯ ಮೇಸ್ತ್ರಿಯಾಗಿಬಿಡುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಸಂಗತಿ. ನಮ್ಮ ಮನೆ ತಿಕೋಟಾದಲ್ಲಿ. ನಾನು ಮಾತ್ರ ವಿಜಾಪುರದಲ್ಲಿ, ಸೊಲ್ಲಾಪುರ ರಸ್ತೆಯ ಮೇಲಿದ್ದ ಒಂದು ಲಾರಿ ಬಾಡಿ ಕಟ್ಟುವ ಕಾರಖಾನೆಯಲ್ಲಿ ಕೆಲಸಕ್ಕಿದ್ದೆ. ಆಗ ಹೊಸ ಲಾರಿ ಎಂದರೆ ಎಂಜಿನ್ನು, ಗಾಲಿ, ಉದ್ದನೆಯ ಬೋಳು ಚಾಸಿ, ಅಷ್ಟೇ. ಡ್ರೈವರ್ ಕೂಡುವ ಕ್ಯಾಬಿನ್ನು, ಹಿಂದೆ ಮಾಲು ತುಂಬುವ ಹಲಗೆಯ ಬಾಡಿ, ಇವನ್ನು ನಮ್ಮಂಥ ಕಾರಖಾನೆಯವರು ಕಟ್ಟಿಕೊಡಬೇಕು. ವಾರಕ್ಕೊಮ್ಮೆ ಊರಿಗೆ ಹೋದಾಗ 'ಲಾರಿ ಕಟ್ಟುವವ' ಎಂದು ಎದೆಯುಬ್ಬಿಸಿ ತಿರುಗುತ್ತಿದ್ದೆ. ಕಾರಖಾನೆಯಲ್ಲಿ ನನ್ನ ಕೆಲಸ ಅಳತೆಯ ಹುರಿಯ ಇನ್ನೊಂದು ತುದಿ ಹಿಡಿಯುವುದು. ಆ ತುದಿಗೆ ಒಂದು ಮೊಳೆ ಬಡಿದಿದ್ದರೂ ನಡೆಯುತ್ತಿತ್ತು. ಮೊಳೆ ಚಹಾ ತರುವುದಿಲ್ಲವೆಂದು ನನ್ನನ್ನು ಇಟ್ಟುಕೊಂಡಿದ್ದರು.

ನಮ್ಮ ಮಾಲಕರದೊಂದು ಪದ್ಧತಿಯಿತ್ತು. ಕ್ಯಾಬಿನ್ನು ಕಟ್ಟುವ ಮೊದಲು ಆ ಲಾರಿ ಓಡಿಸುವ ಡ್ರೈವರನನ್ನೇ ಕರೆಸುತ್ತಿದ್ದರು. ಬೋಳು ಚಾಸಿಯ ಮೇಲೆ ಎಣ್ಣೆಯ ಖಾಲಿ ಡಬ್ಬಿ ಬೋರಲು ಹಾಕಿ ಅವನನ್ನು ಕೂಡಿಸುತ್ತಿದ್ದರು. ಅವನ ಮೊಣಕೈ ಎಲ್ಲಿಗೆ ಬರುತ್ತದೋ ಅಲ್ಲಿಗೆ ಕಿಟಕಿ. ತಲೆಯ ಮೇಲೆ ಇಷ್ಟು ಜಾಗ ಬಿಟ್ಟು ಚಾವಣಿ. "ಅಂಗಿ ಹೊಲಿಯೂಮುಂದ ಮೈ ಅಳತಿ ತಗೋತಾರಿಲ್ಲೋ? ಇದೂ ಅಂಗೀನ ಲೇ, ಕಟ್ಟಿಗೀದು" ಎನ್ನುತ್ತಿದ್ದರು. ನಾನು ಊರಿನಲ್ಲಿ ರೊಟ್ಟಿ ಮುರಿಯುತ್ತ ಇದನ್ನೇ ನಾನು ಕಂಡುಹಿಡಿದ ವಿದ್ಯೆಯೆಂಬಂತೆ ಹೇಳುತ್ತಿದ್ದೆ. ಅವ್ವ ಆಕಳಿಸುತ್ತಿದ್ದಳು. ತಂಗಿ ಮಾತ್ರ ಕೌದಿ ಹೊಲಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಅವಳು ಹೊಲಿದ ಕೌದಿಗೆ ಓಣಿಯಲ್ಲೆಲ್ಲ ಹೆಸರಿತ್ತು. ಏಳನೆಯವರೆಗೆ ಓದಿದ್ದಳು, ಅಂದರೆ ನನ್ನ ಎರಡರಷ್ಟಕ್ಕಿಂತ ಹೆಚ್ಚು.

ನಮ್ಮ ಸೋದರಮಾವ ಮುಂಬಯಿಯ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ. ಒಮ್ಮೆ ಬರುವಾಗ, ಹಡಗಿನವರು ಯಾರೋ ಕೊಟ್ಟರೆಂದು ಒಂದು ರಟ್ಟಿನ ಪೆಟ್ಟಿಗೆ ತಂದ. "ಅಳಿಯಾ ಲಾರಿ ಕಟ್ಟಾಂವ. ಅವಗ ಇರಲಿ" ಎಂದು ನನ್ನ ಕೈಗೆ ಕೊಟ್ಟ. ಪೆಟ್ಟಿಗೆಯ ಮೇಲೆ ಪರದೇಶದ ಲಾರಿಯ ಚಿತ್ರ. ಮಾರುದ್ದ ಮೂಗು, ಡ್ರೈವರನ ಬೆನ್ನಿಗೆ ಮಲಗುವ ಕೋಣೆ, ಅದರ ಹಿಂದೆ ಕೊಂಡಿ ಹಾಕಿ ಎಳೆಯುವ ಇನ್ನೊಂದು ಉದ್ದನೆಯ ಗಾಡಿ. ಒಳಗೆ ಬಾಚಣಿಕೆಯ ಹಲ್ಲಿನಂತೆ ಚೌಕಟ್ಟಿಗೆ ಅಂಟಿಕೊಂಡ ಪ್ಲಾಸ್ಟಿಕ್ ತುಂಡುಗಳು. ಒಂದೊಂದೇ ಮುರಿದು ಜೋಡಿಸಿದರೆ ಮೊಣಕೈಯುದ್ದದ ಲಾರಿಯಾಗಬೇಕು. ಜೊತೆಗಿದ್ದ ಇಂಗ್ಲಿಷ್ ಕಾಗದವನ್ನು ನಾನೂ ತಂಗಿಯೂ ಒಂದೇ ಬಗೆಯ ಗೌರವದಿಂದ ನೋಡಿ ಮಡಚಿಟ್ಟೆವು.

"ಈ ಮೂಗ ನೋಡ ಬೇ! ಗಾಡಿ ವಿಜಾಪುರದಾಗ ನಿಂತರ ಮೂಗ ತಿಕೋಟಾದಾಗ ಇರತೈತಿ" ಎಂದೆ ನಾನು.

"ಹಂಗಾರ ಕೊಯ್ಯೂಣು" ಎಂದಳು ತಂಗಿ. "ಇದನ್ನ ನಮ್ಮ ಕಡೀ ಲಾರಿ ಮಾಡೂಣು."

ಕೊಯ್ಯುವ ಮಾನ ನನ್ನದೇ ಎಂದು ಚಾಕು ಕಾಯಿಸಿ ಒಂದು ತುಂಡಿಗೆ ಒತ್ತಿದೆ. ಅದು ಕೊಯ್ಯಲಿಲ್ಲ, ಕರಗಿ ಒಲೆಯ ಮೇಲಿದ್ದ ಹಂಚಿಗೆ ಸುರಿಯಿತು. "ಇವತ್ತ ರೊಟ್ಟಿಗೆ ಲಾರಿ ಒಗ್ಗರಣಿ. ನಡೀ ಆಚೀ ಕಡೆ!" ಎಂದು ಅವ್ವ ಲಟ್ಟಣಿಗೆ ಎತ್ತಿದಳು. ಅಂದಿನಿಂದ ನಾನು ಬರೀ ಸಲಹೆ ಕೊಡುವ ಹುದ್ದೆಗೆ ಏರಿದೆ.

ಮುಂದಿನದೆಲ್ಲ ತಂಗಿ ಮಾಡಿದಳು. ಕೌದಿಯ ದಪ್ಪ ಸೂಜಿಯನ್ನು ಕೆಂಡದಲ್ಲಿ ಕಾಯಿಸಿ, ಕೊಯ್ಯಬೇಕಾದ ಗೆರೆಯುದ್ದಕ್ಕೂ ಒತ್ತೊತ್ತಾಗಿ ತೂತು ಹಾಕಿ, ತಣಿದ ಮೇಲೆ ಮೆಲ್ಲಗೆ ಮುರಿಯುತ್ತಿದ್ದಳು. ಹೊಲಿಗೆ ಹಾಕುವ ಕೈ. ತೂತುಗಳು ಸಾಲು ತಪ್ಪುತ್ತಿರಲಿಲ್ಲ. ಉದ್ದ ಮೂಗು ಹೋಗಿ ಮೋಟು ಮೂಗಾಯಿತು. ಮಲಗುವ ಕೋಣೆ ಹೋಯಿತು. ಚಾಸಿ ಗಿಡ್ಡವಾಯಿತು. ಬಾಚಣಿಕೆಯಂಥ ಆ ಚೌಕಟ್ಟಿನ ಚೂರುಗಳನ್ನು ಸೂಜಿಯಿಂದಲೇ ಕರಗಿಸಿ ಬೆಸುಗೆ ಹಾಕಿದಳು. ಬೆಸುಗೆಯ ಸಂದಿಗೆ ಅರಗು ತುಂಬಿ ನುಣುಪು ಮಾಡಿದಳು. ಹಿಂದಿನ ಗಾಡಿಯನ್ನು ಬಿಟ್ಟು, ತೆಳ್ಳನೆಯ ಕಟ್ಟಿಗೆಯ ಪಟ್ಟಿಗಳಿಂದ ನಮ್ಮ ಕಡೆಯ ಬಾಡಿ ಕಟ್ಟಿದಳು. ಹರಿದ ಕೊಡೆಯ ಅರಿವೆಯಿಂದ ಮಾಲಿಗೆ ಹೊದಿಸುವ ತಾಡಪತ್ರಿ ಹೊಲಿದಳು. ಸ್ಟಿಯರಿಂಗು ಎಡಕ್ಕಿತ್ತು; ಬಲಕ್ಕೆ ಹಾಕಿದಳು. ಅದು ಎಡಕ್ಕಿದ್ದದ್ದನ್ನು ದಿನವೂ ಲಾರಿಗಳ ನಡುವೆ ಇರುವ ನಾನು ನೋಡಿರಲೇ ಇಲ್ಲ.

ಎಲ್ಲಕ್ಕಿಂತ ಮೊದಲು ಅವಳು ಮಾಡಿದ್ದು ಡ್ರೈವರನನ್ನು. ಅರಿವೆಯ ಗೊಂಬೆ, ಬಿಳಿಯ ಅಂಗಿ, ತಲೆಗೆ ಕೆಂಪು ರುಮಾಲು. ಅವನನ್ನು ಬೋಳು ಚಾಸಿಯ ಮೇಲೆ ಅಂಗಿಯ ಗುಂಡಿಯೊಂದನ್ನಿಟ್ಟು ಅದರ ಮೇಲೆ ಕೂಡಿಸಿ, ಅವನ ಸುತ್ತ ಕ್ಯಾಬಿನ್ನು ಕಟ್ಟಿದಳು. "ನೀನ ಹೇಳಿದ್ದೆಲ್ಲಣ್ಣಾ, ಮದಲ ಡ್ರೈವರ್ನ ಕುಂದ್ರಸಬೇಕಂತ" ಎಂದಳು. ನಾನು ದೊಡ್ಡವನಂತೆ ತಲೆಯಾಡಿಸಿದೆ. ಆ ಲಾರಿಯಲ್ಲಿ ನನ್ನ ಪಾಲು ಎಂದರೆ ಬಣ್ಣ ಮತ್ತು ಸಲಹೆ. ಬಣ್ಣ ಮಾಲಕರದು. ಸಲಹೆಯೂ ಮಾಲಕರದೇ.

ಕೊನೆಗೆ ಗಾಜಿನ ಮೇಲಿನ ಹಣೆಪಟ್ಟಿಯಲ್ಲಿ, ಲಾರಿಯವರು ತಮ್ಮ ಮಕ್ಕಳ ಹೆಸರು ಬರೆಸುವ ಜಾಗದಲ್ಲಿ, ಹಳದಿ ಬಣ್ಣದಿಂದ ತನ್ನ ಹೆಸರು ಬರೆದಳು. ಬರೆದು ನನ್ನ ಕಡೆ ತಿರುಗಿದಳು.

"ಅಣ್ಣಾ, ಇದನ್ನ ನಿಮ್ಮ ಮಾಲಕರಿಗೆ ತೋರಸು. ನಾ ಮಾಡೀನಂತ ಹೇಳು. ಲಾರಿಗೆ ಸೀಟಿನ ಹೊದಿಕಿ, ತಾಡಪತ್ರಿ ಹೊಲಿಯೂ ಕೆಲಸ ಇದ್ರ ಕೊಡ್ತಾರೇನು ಕೇಳು. ಮನ್ಯಾಗ ಕುಂತ ಹೊಲೀತೇನಿ. ಮಂದಿ ಕೌದಿ ಹೊಲಿದು ಹೊಲಿದು ಸಾಕಾಗೇತಿ ನನಗ."

"ಅದೇನ್ ದೊಡ್ಡ ಮಾತ ಬಿಡು" ಎಂದೆ. ದೊಡ್ಡ ಮಾತೇ ಆಗಿತ್ತು.

ಲಾರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ವಿಜಾಪುರದ ಬಸ್ಸು ಹತ್ತಿದೆ. ಜನ ಬಗ್ಗಿ ಬಗ್ಗಿ ನೋಡಿದರು. "ಯಾರ ಮಾಡ್ಯಾರೋ ತಮ್ಮಾ?" ಎಂದು ಪಕ್ಕದ ಮುದುಕ ಕೇಳಿದ. "ನಮ್ಮ ಮನ್ಯಾಗ ಮಾಡೀವ್ರಿ" ಎಂದೆ. ಅದು ಇನ್ನೂ ಸುಳ್ಳಲ್ಲ. ಸ್ವಲ್ಪ ಮುಂದೆ ಕಂಡಕ್ಟರ್ ಕೇಳಿದ. "ನಾನ ಮಾಡೀನ್ರಿ" ಎಂದೆ. ಅವನು ಬೆನ್ನು ಚಪ್ಪರಿಸಿದ. ಆ ಚಪ್ಪರಿಕೆ ನನ್ನ ಬೆನ್ನಿಗೆ ಬಹಳ ಹಿತವಾಯಿತು. ಗೋಳಗುಮ್ಮಟ ಕಾಣುವ ಹೊತ್ತಿಗೆ ನನಗೊಂದು ಧರ್ಮಸೂಕ್ಷ್ಮ ಹೊಳೆಯಿತು: ಮನೆಯ ಹೆಣ್ಣುಮಗಳ ಹೆಸರು ಕಾರಖಾನೆಯ ಗಂಡಸರ ಬಾಯಲ್ಲಿ ಬೀಳಬಾರದು. ಹೀಗೆ ತಂಗಿಯ ಮಾನ ಕಾಯುವುದಕ್ಕೆಂದೇ ಅವಳ ಹೆಸರನ್ನು ಉಗುರಿನಿಂದ ಕೆರೆದು ತೆಗೆದೆ. ಉಗುರಿನ ಸಂದಿಯ ಹಳದಿ ಬಣ್ಣ ಮಾತ್ರ ಒಂದು ವಾರ ಹೋಗಲಿಲ್ಲ.

ಮಾಲಕರು ಲಾರಿಯನ್ನು ಎತ್ತಿ, ತಿರುಗಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಲೇ, ಡ್ರೈವರ್ನ ಮದಲ ಕುಂದ್ರಿಸಿ ಕಟ್ಟೀಯಲ್ಲೋ! ಇಷ್ಟ ದಿನ ಈ ಕೈಯಾಗ ಹುರಿ ಹಿಡಿಸಿದ್ನಲ್ಲೋ ನಾ!" ಎಂದರು. ಲಾರಿ ಅವರ ಮೇಜಿನ ಮೇಲೆ, ಗಿರಾಕಿಗಳಿಗೆ ಕಾಣುವಂತೆ ನಿಂತಿತು. ನನ್ನ ಕೈಗೆ ಅಳತೆಯ ಗುರುತು ಹಾಕುವ ಪೆನ್ಸಿಲ್ ಬಂತು.

ಕೆಲದಿನಗಳಲ್ಲಿ ಬಬಲೇಶ್ವರದ ಒಬ್ಬ ಸಾವಕಾರರು ಹೊಸ ಚಾಸಿ ತಂದರು. ಮೇಜಿನ ಮೇಲಿನ ಲಾರಿ ನೋಡಿ, "ಇದನ್ನ ಮಾಡಿದಾಂವನ ನನ್ನ ಕ್ಯಾಬಿನ್ ಕಟ್ಟಲಿ" ಎಂದರು. ಅವರ ಡ್ರೈವರ್ ಆರಡಿಯ ಆಳು. ಅವನನ್ನು ಡಬ್ಬಿಯ ಮೇಲೆ ಕೂಡಿಸಿದೆ. ಉರಿಬಿಸಿಲು, ಅವನು ರುಮಾಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತ ಕುಳಿತ. ನಾನು ಗಂಭೀರವಾಗಿ ಮೊಣಕೈ ನೋಡಿದೆ, ತಲೆ ನೋಡಿದೆ, ಗುರುತು ಹಾಕಿದೆ. ಕ್ಯಾಬಿನ್ನು ಮುಗಿದ ದಿನ ಅವನು ರುಮಾಲು ಸುತ್ತಿಕೊಂಡು ಬಂದು ಹತ್ತಿದ. ರುಮಾಲು ಚಾವಣಿಗೆ ತಾಗಿತು. ಒಂದು ಕಡೆ ವಾಲಿಸಿದ, ಮತ್ತೊಂದು ಕಡೆ ವಾಲಿಸಿದ. ಕೊನೆಗೆ ಕುತ್ತಿಗೆ ಸೊಟ್ಟ ಮಾಡಿ ಕಿಟಕಿಯಿಂದ ಇಣುಕಿದ.

"ಸಾವಕಾರ್ರ, ಲಾರಿ ಚಲೋ ಐತ್ರಿ. ಆದ್ರ ನನ್ನ ತಲಿ ಬಬಲೇಶ್ವರದಾಗ ಬಿಟ್ಟು ಬರಬೇಕಾಕ್ಕೈತಿ."

ಇಡೀ ಕಾರಖಾನೆ ನಕ್ಕಿತು. ಮಾಲಕರು ನಗಲಿಲ್ಲ. "ಆ ಗೊಂಬಿಗೆ ರುಮಾಲ ಸುತ್ತೇ ಕುಂದ್ರಿಸಿದಾಂವ ಈ ಮನಷಾನ ರುಮಾಲ ಹೆಂಗ ಮರತಿಲೇ?" ಎಂದರು. ಬಾಯಿ ಬಿಡಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. "ಬಿಸಲಿಗೆ ತಲಿ ತಿರಗಿತ್ರಿ" ಎಂದೆ. ಚಾವಣಿ ಬಿಚ್ಚಿ ಮತ್ತೆ ಕಟ್ಟಿದರು. ನಾನು ಮತ್ತೆ ಹುರಿ ಹಿಡಿದೆ.

ಊರಿಗೆ ಹೋದಾಗ ತಂಗಿ ಬಾಗಿಲಲ್ಲೇ ಕೇಳಿದಳು. "ಹೇಳಿದ್ಯೇನಣ್ಣಾ?"

"ಹೇಳೀನಿ. ನೋಡೂಣು ಅಂದಾರ."

ಅವಳು ಹಿಗ್ಗಿದಳು. ಮುಂದಿನ ವಾರ ನಾನು ಹೋಗುವಷ್ಟರಲ್ಲಿ, ಮಾಲಕರಿಗೆ ತೋರಿಸಲೆಂದು, ಒಂದು ಸೀಟಿನ ಹೊದಿಕೆ ಹೊಲಿದಿಟ್ಟಿದ್ದಳು. ಕಪ್ಪು, ಕೆಂಪು ಚೌಕಗಳು, ಅಂಚಿಗೆ ಬಿಳಿಯ ಹೊಲಿಗೆ. ಅದನ್ನು ತಂದು ನನ್ನ ಕೋಣೆಯಲ್ಲಿ ಮಡಚಿ ತಲೆದಿಂಬು ಮಾಡಿಕೊಂಡೆ. ಪಾಪಪ್ರಜ್ಞೆಯಿಂದ ನಿದ್ದೆ ಬರಲಿಲ್ಲವೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹೊದಿಕೆ ಬಹಳ ಮೆತ್ತಗಿತ್ತು. ಚೆನ್ನಾಗಿ ನಿದ್ದೆ ಬಂತು.

ಬಹಳ ದಿನ ಉತ್ತರ ಬಾರದ್ದರಿಂದ ಅವಳೇ ಬಂದಳು. ಬಟ್ಟೆ ಕೊಳ್ಳುವ ನೆಪದಲ್ಲಿ ಅವ್ವನನ್ನು ಕರೆದುಕೊಂಡು ಒಂದು ಮಧ್ಯಾಹ್ನ ಕಾರಖಾನೆಯ ಬಾಗಿಲಲ್ಲಿ ನಿಂತಳು. ಮಾಲಕರು ಒಳ್ಳೆಯ ಮನುಷ್ಯರು. "ಬರ್ರಿ, ಒಳಗ ಬರ್ರಿ" ಎಂದು ಕರೆದು ಚಹಾ ತರಿಸಿದರು. ಚಹಾ ತಂದವನು ನಾನೇ. ಬರುವಷ್ಟರಲ್ಲಿ ಅವರು ಮೇಜಿನ ಮೇಲಿನ ಲಾರಿ ತೋರಿಸುತ್ತಿದ್ದರು. "ನೋಡವ್ವಾ, ನಿಮ್ಮಣ್ಣನ ಕೈ. ದೊಡ್ಡ ಲಾರಿಗೆ ಮಾತ್ರ ಈ ಕೈ ಯಾಕೋ ಹತ್ತವಲ್ದು."

ಅವ್ವ ಬಾಯಿ ತೆರೆದಳು. ತಂಗಿ ಅವಳ ಸೆರಗು ಜಗ್ಗಿದಳು. ಹೆಸರು ಇದ್ದ ಜಾಗದ ಮೇಲೆ, ಕೆರೆದ ಗೀರುಗಳ ಮೇಲೆ, ಒಂದು ಬೆರಳು ಆಡಿಸಿದಳು. ಗೊಂಬೆ ಒಂದು ಕಡೆ ವಾಲಿತ್ತು. ಅದನ್ನು ನೆಟ್ಟಗೆ ಕೂಡಿಸಿದಳು.

"ಹೌದ್ರಿ" ಎಂದಳು. "ಚಲೋ ಮಾಡ್ಯಾನ."

ಚಹಾ ಮುಟ್ಟದೆ ಹೋದಳು. ಅವಳ ಕಪ್ಪಿನ ಚಹಾ ಚೆಲ್ಲಿ, ಕಪ್ಪು ತೊಳೆದು, ನಾನು ಹುರಿ ಹಿಡಿಯಲು ಹೋದೆ. ಆ ದಿನ ಅದರ ತುದಿ ಕೈಯಿಂದ ಜಾರಿ ಜಾರಿ ಬೀಳುತ್ತಿತ್ತು. "ಲೇ, ಮೊಳೀ ಬಡಿಲೇನು?" ಎಂದು ಮೇಸ್ತ್ರಿ ಗದರಿದ.

ರವಿವಾರ ಊರಿಗೆ ಹೋದೆ. ತಂಗಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಅವಳ ಬೆನ್ನಿಗೇ ಹೇಳತೊಡಗಿದೆ. ಹೆಣ್ಣುಮಗಳ ಹೆಸರು, ಗಂಡಸರ ಬಾಯಿ, ಮನೆಯ ಮಾನ.

"ಉಗುರಿಲೆ ಕೆರದ್ಯೋ, ಬ್ಲೇಡಿಲೆ ಕೆರದ್ಯೋ?" ಎಂದಳು ತಿರುಗದೆ.

"ಉಗುರಿಲೆ."

"ನನ್ನ ಮಾನ ಅಷ್ಟ ಲಗೂನ ಕಿತ್ತ ಬಂತೇನು?"

ನನ್ನ ಮಾತಿನ ಗಂಟು ಅಲ್ಲಿಗೇ ಬಿಚ್ಚಿ ಬಿತ್ತು. "ತಪ್ಪಾತ ಬೇ" ಎಂದು ಗೊಣಗಿದೆ.

ಅವಳು ಮೊರ ಕೆಳಗಿಟ್ಟಳು. "ಇಲ್ಲಿ ಯಾಕ ಹೇಳ್ತಿ? ಇಲ್ಲಿ ಯಾರಿಗೆ ಗೊತ್ತಿಲ್ಲ, ಎಮ್ಮಿಗೋ? ಸುಳ್ಳ ಎಲ್ಲಿ ಹೇಳೀದಿ, ಖರೆ ಅಲ್ಲೇ ಹೇಳು. ನಾ ಬರ್ತೇನಿ."

ಮರುದಿನ ಇಬ್ಬರೂ ಬಸ್ಸು ಹತ್ತಿದೆವು. ಕಂಡಕ್ಟರ್ ಅವನೇ. "ಏನಪಾ ಲಾರಿ ಮೇಸ್ತ್ರಿ, ಇವತ್ತೇನ ತಂದಿ?" ಎಂದ. ತಂಗಿ ಕಿಟಕಿಯಾಚೆ ನೋಡಿದಳು. ವಿಜಾಪುರದಲ್ಲಿ ಇಳಿದು, ನನ್ನ ಕೋಣೆಗೆ ಹೋಗಿ ಸೀಟಿನ ಹೊದಿಕೆ ತಂದು ಅವಳ ಕೈಗೆ ಕೊಟ್ಟೆ. ನನ್ನ ತಲೆಯ ಎಣ್ಣೆಯ ಕಲೆ ಅದರ ನಡುವೆ ದುಂಡಗೆ ಕೂತಿತ್ತು. ಅವಳು ಅದನ್ನು ನೋಡಿ, ನನ್ನನ್ನು ನೋಡಿ, ಕಲೆ ಒಳಗಾಗುವಂತೆ ಮಡಚಿ ಹಿಡಿದಳು.

ಕಾರಖಾನೆಯಲ್ಲಿ ಬಬಲೇಶ್ವರದ ಸಾವಕಾರರೂ ಅವರ ಡ್ರೈವರನೂ ಬಂದಿದ್ದರು. ನನ್ನ ದೈವ ಇಂಥ ವಿಷಯದಲ್ಲಿ ಬಹಳ ಚುರುಕು. ಹೇಗೂ ಹೇಳಲೇಬೇಕಲ್ಲ ಎಂದು, ಹುಡುಗರು ತಗಡು ಬಡಿಯಲು ಶುರು ಮಾಡುವವರೆಗೆ ಕಾದೆ. ಆ ಗದ್ದಲದ ನಡುವೆ ಮಾಲಕರ ಮುಂದೆ ನಿಂತು, ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಮನಸ್ಸು ಹಗುರವಾಯಿತು. ಮಾಲಕರು ಕಿವಿಗೆ ಕೈ ಹಚ್ಚಿ, "ಏನಂದಿ?" ಎಂದರು.

ಬಾಗಿಲಲ್ಲಿ ನಿಂತಿದ್ದ ತಂಗಿ, "ಯಾರಿಗೂ ಕೇಳಸಲಿಲ್ಲಣ್ಣಾ" ಎಂದಳು.

ಮಾಲಕರು ಕೈಯೆತ್ತಿದರು. ತಗಡಿನ ಸದ್ದು ನಿಂತಿತು. ಉಳಿ ಹಿಡಿದವರು, ಹಲಗೆಗೆ ರಂಧಾ ಹೊಡೆದು ನುಣುಪು ಮಾಡುವವರು, ಸಾವಕಾರರು, ರುಮಾಲಿನ ಡ್ರೈವರ್, ಎಲ್ಲರೂ ನನ್ನ ಕಡೆ ತಿರುಗಿದರು. ಸೊಲ್ಲಾಪುರ ರಸ್ತೆಯ ಮೇಲೆ ಕೂಡ ಆ ಗಳಿಗೆಗೆ ಒಂದೂ ಗಾಡಿ ಹಾರ್ನ್ ಹೊಡೆಯಲಿಲ್ಲ. ಮೇಜಿನ ಮೇಲಿನ ಲಾರಿಯನ್ನು ಎತ್ತಿಕೊಂಡೆ. ಎತ್ತಿದ ರಭಸಕ್ಕೆ ಒಳಗಿನ ಗೊಂಬೆ ತಲೆಯಾಡಿಸಿತು.

"ಮಾಲಕರ, ಈ ಲಾರಿ ನಾ ಮಾಡಿಲ್ರಿ. ಈಕಿ ಮಾಡ್ಯಾಳ, ನನ್ನ ತಂಗಿ. ರುಮಾಲಾನೂ ಈಕಿನ ಸುತ್ಯಾಳ. ಹಣೀ ಮ್ಯಾಲ ಈಕಿ ಹೆಸರಿತ್ತು, ನಾನ ಉಗುರಿಲೆ ಕೆರದ ತಗದೀನಿ. ಈಕಿ ಕೆಲಸ ಕೇಳಿದ್ಲು, ಅದನ್ನೂ ನುಂಗಿದೆ. ಈಕಿ ಕೈಯಾಗಿಂದು ನೋಡ್ರಿ, ನಿಮಗಂತ ಹೊಲಿದಿದ್ಲು. ನಾ ತಲಿದಿಂಬ ಮಾಡ್ಕೊಂಡಿದ್ನಿ." ಆಮೇಲೆ ಬಾಗಿಲ ಕಡೆ ತಿರುಗಿದೆ. "ತಂಗೀ, ನಂದ ತಪ್ಪಾತವ್ವಾ. ಎಲ್ಲಾರ ಮುಂದ ಹೇಳಾಕತ್ತೇನಿ. ನಂದ ತಪ್ಪಾತು."