ಮೊಳೆಗೆ ನೇತುಹಾಕಿದ ಎರಡು ಬೋಲ್ಟು

ಬುಸ್ ಎಂದು ಗಾಳಿ ಹೊರಬಿತ್ತು. ಅಂಗಡಿಯ ಮುಂದೆ ಯಾವುದೋ ಲಾರಿ ನಿಂತಿತ್ತು. ಡ್ರೈವರು ಹ್ಯಾಂಡ್ ಬ್ರೇಕ್ ಎಳೆದು ಟೀ ಕುಡಿಯಲು ಇಳಿದಿದ್ದ. ಹಿಂದೆ ಈ ಸದ್ದು ಕೇಳಿದರೆ ರಾಮಾಂಜಿನಪ್ಪನ ಮುಖ ತಾನಾಗಿ ಅರಳುತ್ತಿತ್ತು. ನಾಲ್ಕು ತಿಂಗಳಿಂದ ಹಾಗಿಲ್ಲ. ಸದ್ದು ಕೇಳಿದೊಡನೆ ಅವನ ಕಣ್ಣು ಗೋಡೆಯ ಒಂದು ಮೊಳೆಯ ಕಡೆ ಹೋಗುತ್ತದೆ. ಅಲ್ಲಿ ತಂತಿಯಲ್ಲಿ ಕಟ್ಟಿದ ಎರಡು ಉದ್ದನೆಯ ಬೋಲ್ಟುಗಳು ನೇತಾಡುತ್ತಿವೆ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ, ಊರು ಇನ್ನೇನು ಮುಗಿಯಿತು ಅನ್ನುವಲ್ಲಿ, ಅವನ ಅಂಗಡಿ. ಇಪ್ಪತ್ತಾರು ವರ್ಷಗಳಿಂದ ಅಲ್ಲಿ ಅವನು ಏರ್ ಬ್ರೇಕ್ ಕೆಲಸ ಒಂದನ್ನೇ ಮಾಡುತ್ತಾನೆ. ಇಂಜಿನ್ ಮುಟ್ಟುವುದಿಲ್ಲ, ಗೇರ್ ಬಾಕ್ಸ್ ಬಿಚ್ಚುವುದಿಲ್ಲ. ಹಾಗಾಗಿ ಡ್ರೈವರುಗಳ ಬಾಯಲ್ಲಿ ಅವನು ಗಾಳಿ ರಾಮಾಂಜಿ. ಪೈಪಿನಲ್ಲಿ ಗಾಳಿ ಎಲ್ಲಿ ಸೋರುತ್ತಿದೆ ಎಂದು ಉಳಿದವರು ಸೋಪು ನೀರು ಹಚ್ಚಿ ಗುಳ್ಳೆ ಹುಡುಕಿದರೆ, ಅವನು ಲಾರಿಯ ಸುತ್ತ ಒಂದು ಸಲ ನಡೆದು ಬೆರಳು ತೋರಿಸುತ್ತಿದ್ದ. ಆ ಕಿವಿಗೆ ಕೋಲಾರದವರೆಗೂ ಹೆಸರಿತ್ತು.

ಹೊಸ ಡ್ರೈವರು ಯಾರಾದರೂ ಬಂದರೆ ಕೂರಿಸಿಕೊಂಡು ಪಾಠ ಹೇಳುವುದು ಅವನಿಗೆ ಇಷ್ಟ. ಕಾಲಿನ ಬ್ರೇಕ್ ಒತ್ತಿದರೆ ಟ್ಯಾಂಕಿನ ಗಾಳಿ ಚಕ್ರದ ಬಳಿಗೆ ಹೋಗಿ ಹಿಡಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಹ್ಯಾಂಡ್ ಬ್ರೇಕಿನ ಲೆಕ್ಕ ತಲೆಕೆಳಗು. ಹಿಂದಿನ ಚಕ್ರಗಳ ಪಕ್ಕದಲ್ಲಿ ಡಬ್ಬಿಯಂಥ ಚೇಂಬರ್ ಇರುತ್ತದೆ, ಅದರೊಳಗೆ ತೋಳು ಗಾತ್ರದ ಸ್ಪ್ರಿಂಗ್. ಹಿಡಿಯುವುದೇ ಅದರ ಸ್ವಭಾವ. ಗಾಳಿ ಅದನ್ನು ಒತ್ತಿ ಹಿಂದಕ್ಕಿಟ್ಟಿರುವಷ್ಟು ಹೊತ್ತು ಮಾತ್ರ ಚಕ್ರ ತಿರುಗುತ್ತದೆ. ಲಿವರ್ ಎಳೆದಾಗ ಬುಸ್ ಎಂದು ಹೋಗುವುದು ಆ ಗಾಳಿ; ಅದು ಹೋದ ಕ್ಷಣ ಸ್ಪ್ರಿಂಗ್ ಚಕ್ರವನ್ನು ಕಚ್ಚುತ್ತದೆ. ‘ಗಾಳಿ ಹೋದ್ರೆ ಗಾಡಿ ಓಡೋಗುತ್ತೆ ಅಂತ ಹೆದರ್ಕೋತೀರಿ. ಗಾಳಿ ಹೋದ್ರೇನೇ ಅದು ಹಿಡಿಯೋದು ಕಣಪ್ಪಾ,’ ಎನ್ನುತ್ತಿದ್ದ, ತಾನೇ ಅದನ್ನು ಕಂಡುಹಿಡಿದವನ ಹಾಗೆ.

ದಾರಿಯಲ್ಲಿ ಪೈಪು ಒಡೆದರೆ ಇದೇ ಕಷ್ಟ. ಗಾಳಿಯೆಲ್ಲ ಹೋಗಿ, ಸ್ಪ್ರಿಂಗ್ ಕಚ್ಚಿ, ಗಾಡಿ ರಸ್ತೆ ನಡುವೆ ಬಂಡೆಯಂತೆ ಕೂರುತ್ತದೆ. ಅದಕ್ಕೇ ಈ ಬೋಲ್ಟುಗಳು. ಚೇಂಬರಿನ ಬೆನ್ನಿನ ತೂತಿನಲ್ಲಿ ಒಂದನ್ನು ತೂರಿಸಿ, ತಿರುವಿ, ನಟ್ ಬಿಗಿದರೆ ಸ್ಪ್ರಿಂಗ್ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಆಗ ಗಾಡಿಯನ್ನು ಎಳೆದು ತರಬಹುದು. ರಿಪೇರಿ ಮುಗಿದ ಮೇಲೆ ಬಿಚ್ಚಬೇಕು. ಬಿಚ್ಚದಿದ್ದರೆ ಸ್ಪ್ರಿಂಗ್ ಕಟ್ಟಿಹಾಕಿದ ನಾಯಿಯಂತೆ ಒಳಗೇ ಇರುತ್ತದೆ. ಕಾಲಿನ ಬ್ರೇಕ್ ಎಂದಿನಂತೆ ಹಿಡಿಯುವುದರಿಂದ ಡ್ರೈವರಿಗೆ ಅನುಮಾನವೂ ಬರುವುದಿಲ್ಲ.

ಯುಗಾದಿ ಕಳೆದ ವಾರ ಆವುಲಪ್ಪನ ಟಿಪ್ಪರ್ ಕೆಂಚಾರ್ಲಹಳ್ಳಿ ಹತ್ತಿರ ಹಾಗೆ ಕೂತಿತು. ಆವುಲಪ್ಪನದು ಅದೇ ರಸ್ತೆಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಜಲ್ಲಿ ಸಿಮೆಂಟಿನ ಅಂಗಡಿ. ರಾಮಾಂಜಿನಪ್ಪ ಹೋಗಿ ಎರಡು ಚಕ್ರಕ್ಕೂ ಬೋಲ್ಟು ಬಿಗಿದು, ಇನ್ನೊಂದು ಟಿಪ್ಪರಿನಿಂದ ಎಳೆಸಿ ತಂದ. ಹೊಸ ಪೈಪು ಹಾಕಿದ. ಟ್ಯಾಂಕಿಗೆ ಗಾಳಿ ತುಂಬಿತು. ಡ್ರೈವರು ಚಲಪತಿ ಸೀಟಿನಲ್ಲಿದ್ದ.

ಕೆಲಸ ಮುಗಿದಾಗ ರಾಮಾಂಜಿನಪ್ಪನದು ಒಂದು ಪದ್ಧತಿ. ಡ್ರೈವರಿಗೆ ಲಿವರ್ ಎಳೆಯಲು ಹೇಳಿ, ತಾನು ಹಿಂದೆ ನಿಂತು ಕಣ್ಣು ಮುಚ್ಚುತ್ತಾನೆ. ಗಾಳಿ ತಡೆಯಿಲ್ಲದೆ, ಒಂದೇ ಉಸಿರಿಗೆ ಹೋದರೆ ಗಾಡಿಯ ಮೈಗೊಂದು ಪೆಟ್ಟು ಹೊಡೆದು ‘ಹೋಗಪ್ಪಾ’ ಎನ್ನುತ್ತಾನೆ. ಮೊದಲ ವರ್ಷಗಳಲ್ಲಿ ಹಾಗಿರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದಿಟ್ಟೇ ಗೇರಿಗೆ ಹಾಕಿಸಿ, ಗಾಡಿ ಜಗ್ಗಿಸಿ, ಚಕ್ರ ಅಲುಗುವುದಿಲ್ಲ ಎಂದು ಕಣ್ಣಾರೆ ನೋಡುತ್ತಿದ್ದ. ಕಿವಿಗೆ ಹೆಸರು ಬಂದ ಮೇಲೆ ನೋಡುವುದನ್ನು ಬಿಟ್ಟ. ಸ್ಪ್ರಿಂಗ್ ಕಟ್ಟಿಹಾಕಿದ್ದರೂ ಗಾಳಿ ಅದೇ ಸದ್ದು ಮಾಡಿಕೊಂಡು ಹೋಗುತ್ತದೆ ಎಂಬುದು ಅವನಿಗೆ ಗೊತ್ತಿರದ ಸಂಗತಿಯೇನಲ್ಲ. ಅವತ್ತು ಆ ಸದ್ದು ತುಂಬಾ ಚೆನ್ನಾಗಿತ್ತು. ಪೆಟ್ಟು ಹೊಡೆದು ಕಳಿಸಿದ.

ಮೂರನೇ ದಿನ ಚಲಪತಿ ಸಾದಲಿ ಕಡೆಯ ಒಂದು ಹಳ್ಳಿಗೆ ಜಲ್ಲಿ ಒಯ್ದ. ರಸ್ತೆ ಸ್ವಲ್ಪ ಇಳಿಜಾರು. ಬ್ಯಾಟರಿ ವೀಕು ಎಂದು ಇಂಜಿನ್ ನಿಲ್ಲಿಸದೆ, ಹ್ಯಾಂಡ್ ಬ್ರೇಕ್ ಎಳೆದು, ಜಲ್ಲಿ ಎಲ್ಲಿ ಸುರಿಯಬೇಕೆಂದು ಕೇಳಲು ಇಳಿದು ಹೋದ. ಮುಂದಿನ ಚಕ್ರ ಒಂದು ಕೊರಕಲಿನಲ್ಲಿ ಕೂತಿದ್ದರಿಂದ ಗಾಡಿ ಅಷ್ಟು ಹೊತ್ತು ನಿಂತಿತು. ಇಂಜಿನ್ನಿನ ನಡುಕಕ್ಕೆ ಚಕ್ರ ಕೊರಕಲು ದಾಟಿತು. ಆಮೇಲೆ ಅದನ್ನು ತಡೆಯುವವರು ಯಾರೂ ಇರಲಿಲ್ಲ. ಕೆಳಗಿದ್ದ, ಅಕ್ಕಯ್ಯಮ್ಮ ಎಂಬ ಮುದುಕಿಯ ಹುಳು ಮನೆಯ ಗೋಡೆ ಒಡೆದುಕೊಂಡು ಒಳಗೆ ಹೋಗಿ ನಿಂತಿತು. ನಾಲ್ಕನೇ ಜ್ವರ ಎದ್ದು, ಕೊನೆಯ ಪೊರೆ ಕಳಚಿ, ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿದ್ದ ರೇಷ್ಮೆ ಹುಳುಗಳು ಇಟ್ಟಿಗೆಯ ಕೆಳಗೆ ಹೋದವು. ಅಕ್ಕಯ್ಯಮ್ಮ ಸೊಪ್ಪು ತರಲು ತೋಟಕ್ಕೆ ಹೋಗಿದ್ದಳು, ಅದರಿಂದ ಉಳಿದಳು.

ಊರು ಸೇರಿತು. ಎಳೆದಿದ್ದೆ, ಬುಸ್ ಅಂದಿದ್ದು ಕಿವಿಯಾರೆ ಕೇಳಿದ್ದೆ ಎಂದು ಚಲಪತಿ ಮತ್ತೆ ಮತ್ತೆ ಹೇಳಿದ. ಯಾರೋ ಬಾಯಿ ಊದು ಎಂದರು, ಊದಿದ. ಆವುಲಪ್ಪ ಬಂದು ಎಲ್ಲರ ಮುಂದೆ ಫೋನಿನ ಸ್ಪೀಕರ್ ಹಾಕಿ ರಾಮಾಂಜಿನಪ್ಪನನ್ನೇ ಕೇಳಿದ, ಎಳೆದ ಬ್ರೇಕ್ ಬಿಟ್ಟುಕೊಳ್ಳಬಹುದೇ ಎಂದು. ರಾಮಾಂಜಿನಪ್ಪ ತನ್ನ ಪಾಠವನ್ನೆಲ್ಲ ಒಪ್ಪಿಸಿದ. ಲಿವರ್ ಎಳೆದಿದ್ದರೆ ಆನೆ ನೂಕಿದರೂ ಗಾಡಿ ಅಲುಗುವುದಿಲ್ಲ ಎಂದ. ಚಲಪತಿ ಫೋನಿಗೆ ಬಾಯಿಟ್ಟು, ನೀನು ಮಾಡಿದ ಕೆಲಸವೇ ಸರಿಯಿಲ್ಲ ಎಂದು ಕೂಗಾಡಿದಾಗ ಅವನಿಗೆ ನಗು ಬಂತು.

‘ನನ್ನ ಕಿವಿ ಸುಳ್ಳು ಹೇಳಲ್ಲಪ್ಪಾ. ನಿನ್ನ ಕೈ ಏನು ಮಾಡ್ತೋ ನೋಡ್ಕೋ.’

ಆ ಕಡೆ ಜನರೂ ನಕ್ಕರು. ಚಲಪತಿಯ ಕೆಲಸ ಅಲ್ಲಿಗೆ ಹೋಯಿತು.

ಅದಾದ ವಾರಕ್ಕೆ ಅದೇ ಟಿಪ್ಪರ್ ಹೊಸ ಡ್ರೈವರಿನ ಜೊತೆ ಚೆಕ್ಕಿಂಗಿಗೆ ಬಂತು. ರಾಮಾಂಜಿನಪ್ಪ ಗೋಣಿಚೀಲ ಹಾಸಿಕೊಂಡು ಅಡಿಗೆ ಜಾರಿದ. ಎರಡು ಚೇಂಬರುಗಳ ಬೆನ್ನಿನಲ್ಲೂ ಅವನದೇ ನಟ್ಟುಗಳು, ಅವನೇ ಬಿಗಿದ ಹಾಗೆ. ಎಷ್ಟು ಹೊತ್ತು ಅಲ್ಲಿ ಮಲಗಿದ್ದನೋ ತಿಳಿಯದು. ಏನಾದರೂ ತೊಂದರೆಯೇ ಎಂದು ಹೊಸ ಡ್ರೈವರು ಬಗ್ಗಿ ಕೇಳಿದ. ಏನಿಲ್ಲ ಎಂದ ರಾಮಾಂಜಿನಪ್ಪ. ಬೋಲ್ಟುಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಅವು ತೊಡೆಗೆ ಒತ್ತುತ್ತಿದ್ದುದು ಅವನಿಗೆ ಇನ್ನೂ ನೆನಪಿದೆ. ಗಾಡಿ ಹೊರಟಾಗ ಅದರ ಮೈಗೆ ಪೆಟ್ಟು ಹೊಡೆಯಲು ಕೈ ಏಳಲಿಲ್ಲ.

ಹೋಗಿ ನಿಜ ಹೇಳಿಬಿಡೋಣ ಎಂದು ಎರಡು ಸಲ ಸಾದಲಿಯ ಬಸ್ಸು ಹತ್ತಿದ. ಒಂದು ಸಲ ಟಿಕೆಟ್ ಕೂಡ ತೆಗೆದುಕೊಂಡು ಮುಂದಿನ ಸ್ಟಾಪಿನಲ್ಲೇ ಇಳಿದ. ಊಟಕ್ಕೆ ಕೂತಾಗ ಹೆಂಡತಿ ಶೋಭಾರಾಣಿ ಏನಾಯಿತೆಂದು ಕೇಳಿದರೆ ಹಲ್ಲುನೋವು ಎಂದ. ಆ ನೋವಿಗೆ ಅವಳು ಲವಂಗ ತಂದಿಟ್ಟಳು. ಅದನ್ನು ಸುಳ್ಳೇ ಅಗಿದ. ಈಗ ಅವನು ಪ್ರತಿ ಗಾಡಿಗೂ ಸೋಪು ನೀರು ಹಚ್ಚುತ್ತಾನೆ, ಮೂರು ಸಲ ಜಗ್ಗಿಸುತ್ತಾನೆ, ಟಾರ್ಚ್ ಹಿಡಿದು ಚಕ್ರದ ಅಡಿ ಇಣುಕುತ್ತಾನೆ. ‘ಏನಣ್ಣಾ, ಕಿವಿ ರಿಟೈರ್ ಆಯ್ತಾ?’ ಎಂದು ಡ್ರೈವರುಗಳು ಕೆಣಕುತ್ತಾರೆ. ಅವನು ನಗುವುದಿಲ್ಲ.

ಆ ಬೆಳಿಗ್ಗೆ ಲಾರಿಯವನು ಟೀ ಕುಡಿದು ಹೋದ ಮೇಲೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಗೂಡು ಮಾರುಕಟ್ಟೆಯಿಂದ ಬಂದದ್ದು. ಹಿಂದೆ ಖಾಲಿ ಚೀಲಗಳಿದ್ದವು. ಮುಂದೆ ಆಟೋದವನ ಪಕ್ಕ ಒಬ್ಬ ಮುದುಕಿ ಕೂತಿದ್ದಳು. ಹಿಂದಿನಿಂದ ಇಳಿದವನು ಚಲಪತಿ. ಬಡವಾಗಿದ್ದ. ಕೈಯಲ್ಲಿ ಸೀಬೆಹಣ್ಣಿನ ಕವರ್ ಇತ್ತು.

ರಾಮಾಂಜಿನಪ್ಪ ಎದ್ದು ನಿಂತ. ಚಲಪತಿಯೇ ಹೇಳುತ್ತಾ ಹೋದ. ಆಮೇಲೆ ಯಾರೂ ಅವನನ್ನು ಸ್ಟೇರಿಂಗ್ ಮುಟ್ಟಲು ಬಿಡಲಿಲ್ಲವಂತೆ. ಅಕ್ಕಯ್ಯಮ್ಮನ ಗೋಡೆಯನ್ನು ತಾನೇ ಕಟ್ಟಿಕೊಟ್ಟನಂತೆ. ಕಟ್ಟಿ ಮುಗಿದ ದಿನ ಅವಳು, ಇನ್ನೆಲ್ಲಿಗೆ ಹೋಗ್ತೀಯ, ಸೊಪ್ಪು ಕೊಯ್ದುಕೊಂಡು ಇಲ್ಲೇ ಇರು ಎಂದಳಂತೆ. ಹೊಸ ಗೋಡೆಯ ಹುಳು ಮನೆಯ ಮೊದಲ ಗೂಡು ಇವತ್ತು ಮಾರಾಟವಾಗಿದೆ. ಹಣ್ಣು ಅವಳ ಹಿತ್ತಲದು.

‘ನಾನು ಬಂದಿದ್ದು ಅದಕ್ಕಲ್ಲ ರಾಮಾಂಜಣ್ಣ,’ ಎಂದ. ‘ಅವತ್ತು ಅಷ್ಟು ಜನದ ಮುಂದೆ ನಿನ್ನ ಕೆಲಸಾನ ಬೈದುಬಿಟ್ಟೆ. ಮನಸಲ್ಲಿ ಇಟ್ಕೋಬೇಡ.’

‘ಬಿಡಪ್ಪಾ, ಅದೆಲ್ಲ ಈಗ್ಯಾಕೆ.’

‘ಇಲ್ಲ ಕಣಣ್ಣ. ಮೊದ್ಮೊದ್ಲು ಎಳೆದಿದ್ದೆ ಅಂತ್ಲೇ ಇದ್ದೆ. ಎಲ್ರೂ ಇಲ್ಲ ಇಲ್ಲ ಅಂದ್ರಲ್ಲ, ಆಮೇಲೆ ನನಗೂ ಹಂಗೇ ಅನ್ಸೋಕೆ ಶುರುವಾಯ್ತು. ಆ ಸದ್ದು ಕೇಳಿದ್ದು ಅವತ್ತೋ ಹಿಂದಿನ ದಿನಾನೋ. ಈಗ ಮನೆಗೆ ಬೀಗ ಹಾಕಿದ್ರೂ ನಾಲ್ಕು ಸಲ ಜಗ್ಗಿ ನೋಡ್ತೀನಿ. ನಮ್ಮ ರೂಪ ನಗ್ತಾಳೆ, ಅಪ್ಪನಿಗೆ ಮರೆವು ಅಂತ. ಕೈ ಮೇಲೇ ನಂಬಿಕೆ ಹೋದ್ಮೇಲೆ ಗಾಡಿ ಹೆಂಗಣ್ಣ ಓಡ್ಸೋದು?’

ಒಂದು ಸೀಬೆಹಣ್ಣು ತೆಗೆದುಕೊಂಡು, ಆಗಲಿ ಬಿಡು ಎಂದಿದ್ದರೆ ಸಾಕಿತ್ತು. ಆಟೋ ಹೋಗಿಬಿಡುತ್ತಿತ್ತು. ಕೆಲಸ ಹೋದದ್ದು ರಾಮಾಂಜಿನಪ್ಪನಿಗೆ ಗೊತ್ತಿತ್ತು, ಹೆಸರು ಕೆಟ್ಟದ್ದೂ ಗೊತ್ತಿತ್ತು. ಆದರೆ ಮನುಷ್ಯನ ಕೈಯನ್ನೇ ಅವನಿಂದ ಕಿತ್ತುಕೊಂಡಿದ್ದೇನೆ ಎಂಬುದು ಗೊತ್ತಿರಲಿಲ್ಲ. ಅವನು ಗೋಡೆಯ ಬಳಿ ಹೋಗಿ ತಂತಿ ಬಿಚ್ಚಿದ. ಒಂದು ಬೋಲ್ಟನ್ನು ಚಲಪತಿಯ ಅಂಗೈಯಲ್ಲಿಟ್ಟ.

‘ನಿನ್ನ ಗಾಡೀಲಿ ಇತ್ತು. ಎರಡು ಕಡೇನೂ. ಹಾಕಿದ್ದು ನಾನು. ಬಿಚ್ಚೋದು ಮರೆತಿದ್ದೂ ನಾನೇ.’

ಚಲಪತಿ ಹನ್ನೆರಡು ವರ್ಷ ಗಾಡಿ ಓಡಿಸಿದವನು, ಬಿಡಿಸಿ ಹೇಳಬೇಕಿರಲಿಲ್ಲ. ಬೋಲ್ಟನ್ನು ನೋಡುತ್ತಾ ನಿಂತ. ಅವನ ಇನ್ನೊಂದು ಕೈ ತನಗೇ ತಿಳಿಯದಂತೆ ಗಾಳಿಯಲ್ಲಿ ಲಿವರ್ ಹಿಡಿದು ಎಳೆಯಿತು.

‘ಅಂದ್ರೆ ನಾನು ಎಳೆದಿದ್ದೆ.’

‘ಎಳೆದಿದ್ದೆ ಕಣಪ್ಪಾ.’

‘ಏಮ್ರಾ ಚಲಪತಿ, ಇನ್ನೆಷ್ಟೊತ್ತು?’ ಆಟೋದಿಂದ ಅಕ್ಕಯ್ಯಮ್ಮ ಕೂಗಿದಳು. ಚಲಪತಿಗೆ ಕೇಳಿಸಲಿಲ್ಲ.

‘ಯಾವತ್ತು ಗೊತ್ತಾಯ್ತಣ್ಣ ನಿನಗೆ?’

ರಾಮಾಂಜಿನಪ್ಪ ನೆಲ ನೋಡಿದ. ‘ಗಾಡಿ ಚೆಕ್ಕಿಂಗಿಗೆ ಬಂತಲ್ಲ. ಅದೇ ವಾರ.’

‘ಅದೇ ವಾರಾನಾ.’ ಚಲಪತಿ ಅಲ್ಲಿದ್ದ ಹಳೆಯ ಟೈರಿನ ಮೇಲೆ ಕೂತ. ಅವನ ದನಿ ಏರಲಿಲ್ಲ; ಏರಿದ್ದರೆ ರಾಮಾಂಜಿನಪ್ಪನಿಗೆ ಸುಲಭವಾಗುತ್ತಿತ್ತು. ‘ಆ ವಾರ ಎಲ್ಲಾ ನಾನು ಆವುಲಪ್ಪನೋರ ಅಂಗಡಿ ಮುಂದೇನೇ ನಿಂತಿದ್ದೆ ಅಣ್ಣ, ಇನ್ನೊಂದ್ಸಲ ಸೇರಿಸ್ಕೊಳ್ಳಿ ಅಂತ. ಇಲ್ಲಿಂದ ಕಾಣುತ್ತೆ ಅದು. ನೀನು ಒಂದು ಕೂಗು ಹಾಕಿದ್ರೆ—’

ರಾಮಾಂಜಿನಪ್ಪ ಆ ಕಡೆ ನೋಡಿದ. ಸಿಮೆಂಟು ಚೀಲಗಳ ಹಿಂದೆ ಆವುಲಪ್ಪ ಕೂತಿರುವುದು ಇಲ್ಲಿಗೆ ಕಾಣುತ್ತಿತ್ತು. ಸುತ್ತ ನಾಲ್ಕಾರು ಗಿರಾಕಿಗಳಿದ್ದರು. ಉಳಿದ ಒಂದು ಬೋಲ್ಟು ಅವನ ಕೈಯಲ್ಲೇ ಇತ್ತು. ಅವನು ಅಂಗಡಿಯ ಮೆಟ್ಟಿಲಿಳಿದ. ಧೈರ್ಯ ಬಂದು ಇಳಿದದ್ದಲ್ಲ. ಆ ಮಾತು ಪೂರ್ತಿಯಾಗುವವರೆಗೆ ಅಲ್ಲಿ ನಿಲ್ಲುವುದು ಅವನಿಂದ ಆಗಲಿಲ್ಲ. ಕಾಲಿಗೆ ಚಪ್ಪಲಿ ಮೆಟ್ಟಲಿಲ್ಲ. ಆಟೋದ ಪಕ್ಕ ಹಾದುಹೋಗುವಾಗ ಅಕ್ಕಯ್ಯಮ್ಮ, ಹಣ್ಣು ತಗೊಂಡ್ಯೇನಪ್ಪಾ ಎಂದು ಕೇಳಿದಳು. ಅವನು ಬೋಲ್ಟು ಹಿಡಿದ ಕೈಯನ್ನೇ ಎತ್ತಿ ಮುಗಿದ.

ಹಿಂದೆ ಚಲಪತಿ ಇನ್ನೂ ಹೇಳುತ್ತಲೇ ಇದ್ದ, ಮೆಲ್ಲಗೆ, ಯಾರಿಗೂ ಅಲ್ಲ ಎಂಬಂತೆ, ಆ ದಿನ ಲಿವರ್ ಎಷ್ಟು ಬಿಗಿಯಾಗಿತ್ತು, ಹೇಗೆ ಎಳೆದೆ, ಎಳೆದ ಮೇಲೆ ಇನ್ನೊಮ್ಮೆ ಮುಟ್ಟಿ ನೋಡಿದೆ ಎಂದು. ರಾಮಾಂಜಿನಪ್ಪ ಬರಿಗಾಲಲ್ಲಿ ಆವುಲಪ್ಪನ ಅಂಗಡಿಯ ಕಡೆ ನಡೆದ.