ಅನ್ನಕ್ಕೆ ಬೆರೆಸಿದ್ದು

ಡಾಕ್ಟರಮ್ಮನ ಎಡಗಣ್ಣಿನ ರೆಪ್ಪೆ ಹುಟ್ಟಿನಿಂದಲೇ ಅರ್ಧ ಇಳಿಬಿದ್ದಿತ್ತು. ಎದುರಿಗೆ ಕೂತವರಿಗೆ, ಇವರು ನನ್ನ ಮಾತು ಕೇಳುತ್ತಾ ತೂಕಡಿಸುತ್ತಿದ್ದಾರೇನೋ ಅನ್ನಿಸಬೇಕು. ಸಿಟ್ಟು ಬಂದಾಗ ಮಾತ್ರ ಆ ರೆಪ್ಪೆ ಪೂರ್ತಿ ಮೇಲೇಳುತ್ತಿತ್ತು. ನಾನು ಅವರನ್ನು ಮೊದಲ ಸಲ ನೋಡಿದ ದಿನವೇ ಆ ಕಣ್ಣು ತೆರೆಯಿತು, ಅದೂ ನನ್ನ ಪರವಾಗಿ.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ನಮ್ಮ ಮನೆ ಕುರುಬರಹಳ್ಳಿಯಲ್ಲಿ, ನಾನು ಡಿಗ್ರಿ ಓದುತ್ತಿದ್ದೆ. ಪಕ್ಕದ ಮನೆಯವರು ಗೋಡೆಯೊಳಗಿಂದ ನನ್ನ ಬಗ್ಗೆ ಮಾತಾಡುವುದು ಹಗಲೆಲ್ಲ ಕೇಳಿಸುತ್ತಿತ್ತು. ಕಾಲೇಜು ಬಿಟ್ಟೆ. ಸ್ನಾನ ಬಿಟ್ಟೆ. ಆಮೇಲೆ ಊಟವನ್ನೂ ಬಿಟ್ಟೆ, ಯಾಕೆಂದರೆ ಅಮ್ಮ ಸಾರಿಗೆ ಏನೋ ಬೆರೆಸುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಗಿತ್ತು. ಸಿಪ್ಪೆ ಸುಲಿಯದ ಬಾಳೆಹಣ್ಣು, ಕಣ್ಣೆದುರೇ ಕೊಚ್ಚಿದ ಎಳನೀರು, ಇವೆರಡರಲ್ಲೇ ದಿನ ಕಳೆಯುತ್ತಿದ್ದೆ. ನೆಂಟರು ಒಬ್ಬೊಬ್ಬರಾಗಿ ಬಂದು, "ಹೆತ್ತ ತಾಯಿ ವಿಷ ಹಾಕ್ತಾಳೇನೇ?" ಎಂದು ಬುದ್ಧಿ ಹೇಳಿ, ಅಮ್ಮ ಮಾಡಿಕೊಟ್ಟ ಕಾಫಿ ಕುಡಿದು ಹೋದರು.

ಡಾಕ್ಟರಮ್ಮ ಆಗ ಒಂದು ಸಂಶೋಧನೆ ನಡೆಸುತ್ತಿದ್ದರು. ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಶತ್ರುಗಳು ಕಾಣಿಸುವ ಈ ಕಾಯಿಲೆಯನ್ನು ಶುರುವಿನಲ್ಲೇ ಗುರುತಿಸಿ ಚಿಕಿತ್ಸೆ ಕೊಟ್ಟರೆ ಎಳೆಯರು ಎಷ್ಟರಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ ಎಂದು ನೋಡುವುದು ಅದರ ಉದ್ದೇಶ. ಬಸವೇಶ್ವರನಗರದ ಸುತ್ತಿನ ಕಾಲೇಜುಗಳಿಗೆಲ್ಲ ಹೇಳಿಟ್ಟಿದ್ದರು. ನನ್ನ ಲೆಕ್ಚರರ್ ಒಬ್ಬರು ಸುದ್ದಿ ಮುಟ್ಟಿಸಿದ್ದರಿಂದ ಸಹೋದ್ಯೋಗಿಯೊಬ್ಬರ ಜೊತೆ ಮನೆಗೇ ಬಂದರು.

ಆ ಸಹೋದ್ಯೋಗಿ ಅಚ್ಚಾದ ಪ್ರಶ್ನಾವಳಿಯೊಂದನ್ನು ಹಿಡಿದು ಒಂದೊಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಅಂಕ ಹಾಕುತ್ತಾ ಹೋದರು. "ನಿಮ್ಮ ಊಟದಲ್ಲಿ ಯಾರಾದ್ರೂ ಏನಾದ್ರೂ ಬೆರೆಸ್ತಾರೆ ಅನ್ಸತ್ತಾ?"

"ಅನ್ಸೋದೇನು, ಬೆರೆಸ್ತಾರೆ. ಅಮ್ಮ," ಎಂದೆ.

ಅವರು ತಲೆಯಾಡಿಸಿ ದೊಡ್ಡ ಅಂಕವನ್ನೇ ಹಾಕಿದರು. ಕಾಯಿಲೆ ಎಷ್ಟು ಜೋರಾಗಿದೆ ಎನ್ನುವುದಕ್ಕೆ ಅದು ಗುರುತು.

"ಒಂದ್ನಿಮಿಷ ಇರಿ," ಎಂದರು ಡಾಕ್ಟರಮ್ಮ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ತಿರುಗಿದರು. "ಅಮ್ಮಾ, ನೀವು ಏನಾದ್ರೂ ಬೆರೆಸ್ತೀರಾ?"

ಅಮ್ಮ ಅಡುಗೆಮನೆಯೊಳಗೆ ಹೋದಳು. ಬೇಳೆ ಡಬ್ಬಿಗಳ ಹಿಂದಿನಿಂದ ಒಂದು ಪುಟ್ಟ ಸೀಸೆ ತಂದಳು. ನೀರಿನಂಥ ಔಷಧಿ. ಯಾರೋ ಡಾಕ್ಟರು ನನ್ನ ಮುಖವನ್ನೂ ನೋಡದೆ ಬರೆದುಕೊಟ್ಟಿದ್ದು. "ಅವಳಿಗೆ ಗೊತ್ತಾಗದ ಹಾಗೆ ಸಾರಲ್ಲಿ ಹಾಕಿ ಅಂದ್ರು ಮೇಡಂ," ಎಂದಳು.

ಆಗ ತೆರೆಯಿತು ಆ ಕಣ್ಣು. "ಹಾಗಾದ್ರೆ ಈ ಮನೇಲಿ ನಿಜ ಹೇಳ್ತಿರೋದು ಇವಳೊಬ್ಬಳೇ. ನೀವೆಲ್ಲ ಸೇರ್ಕೊಂಡು ಅದನ್ನ ಹುಚ್ಚು ಅಂತಿದೀರಿ." ಸಹೋದ್ಯೋಗಿಯ ಕಡೆ ತಿರುಗಿ, "ಹೊಡೆದುಹಾಕ್ರೀ ಆ ಅಂಕಾನ. ಮೊದಲು ಕೇಳಿ, ಆಮೇಲೆ ಬರೀರಿ," ಎಂದರು.

ನನ್ನನ್ನೂ ಅವರು ಪುಸಲಾಯಿಸಲಿಲ್ಲ. "ನೋಡಮ್ಮ, ಗೋಡೆಯಿಂದ ಬರೋ ಮಾತು ನಂಗೆ ಕೇಳಿಸ್ತಿಲ್ಲ. ಅದು ಕಾಯಿಲೆ. ಊಟದ ವಿಷಯ ನೀನು ಹೇಳಿದ್ದೇ ಸರಿ." ನನ್ನ ಅಂಗೈ ಮೇಲೆ ಒಂದು ಮಾತ್ರೆ ಇಟ್ಟರು. "ಇದು ಔಷಧಿ. ಧ್ವನಿ ಕಮ್ಮಿಯಾಗತ್ತೆ. ನಿದ್ದೆ ಜಾಸ್ತಿ ಬರತ್ತೆ, ದಪ್ಪ ಆಗಬಹುದು. ಬೇಡ ಅನ್ಸಿದ್ರೆ ನನ್ನೆದುರಿಗೇ ಬೇಡ ಅನ್ನು."

ಬೇಡ ಅಂದೆ. ಮುಂದಿನ ವಾರ ಬಂದರು, ಆಗಲೂ ಬೇಡ ಅಂದೆ. ಅದರ ಮುಂದಿನ ಸಲ ನಾನೇ ಕೈ ಚಾಚಿದೆ. ಧ್ವನಿಗಳು ನಿಲ್ಲಲು ತಿಂಗಳುಗಳೇ ಹಿಡಿದವು. ಅಮ್ಮ ಮಾಡಿದ ಸಾರನ್ನು ಭಯವಿಲ್ಲದೆ ಕಲಸಿಕೊಳ್ಳಲು ಅದಕ್ಕಿಂತ ಹೆಚ್ಚು ಹಿಡಿಯಿತು.

ಆಮೇಲೆ ಶನಿವಾರಗಳಂದು ವಿಜಯನಗರದಲ್ಲಿದ್ದ ಅವರ ಕ್ಲಿನಿಕ್ಕಿಗೆ ಹೋಗುತ್ತಿದ್ದೆ. ರೋಗಿಯನ್ನು ಕೇಳಿದ್ದಕ್ಕೆ ನೆಂಟರು ಉತ್ತರ ಕೊಟ್ಟರೆ, "ಕಾಯಿಲೆ ನಿಮಗಾ, ಇವರಿಗಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಆ ಪ್ರಶ್ನಾವಳಿಗಾಗಿ ಅವರು ಮಾಡಿದ ಜಗಳ ಬೇರೆ. ಊಟದ ಪ್ರಶ್ನೆಗೆ ಅಂಕ ಹಾಕುವ ಮುಂಚೆ ಮನೆಯವರನ್ನು ಕೇಳಲೇಬೇಕು ಎಂದು ಒಂದು ಸಾಲು ಸೇರಿಸಿ ಎಂದರೆ, ಸಂಶೋಧನೆಯ ಹಿರಿಯ ಡಾಕ್ಟರುಗಳು ನಕ್ಕರಂತೆ. ಜಗತ್ತೆಲ್ಲ ಒಪ್ಪಿರುವ ಪ್ರಶ್ನೆಗಳು, ಮುಟ್ಟುವ ಹಾಗಿಲ್ಲವಂತೆ. "ಅದನ್ನ ಬರೆದೋರ ದೇಶದಲ್ಲಿ ಅಮ್ಮಂದಿರು ಸಾರಿಗೆ ಔಷಧಿ ಹಾಕಲ್ವೇನೋ ಕಣೇ," ಎಂದು ನನ್ನ ಹತ್ತಿರ ಗೊಣಗಿದ್ದರು. ಅವರು ಗೊಣಗಿ ಸುಮ್ಮನಾದರು, ನನಗೆ ಇವತ್ತಿಗೂ ಮೈ ಉರಿಯುತ್ತದೆ. ನನ್ನಂತೆ ನಿಜ ಹೇಳಿದ ಎಷ್ಟು ಜನರಿಗೆ ಅದೇ ನಿಜಕ್ಕಾಗಿ ಮಾತ್ರೆ ಹೆಚ್ಚಿಸಿದ್ದಾರೋ.

ದಶಕದ ಕೊನೆಗೆ ಅವರಿಗೆ ಕ್ಯಾನ್ಸರ್ ಬಂತು. ರಾಜರಾಜೇಶ್ವರಿನಗರದ ಮನೆಗೆ ನೋಡಲು ಹೋದಾಗ ನನ್ನ ಕೈ ಹಿಡಿದು ಎಳೆದರು. "ಹಾಲಲ್ಲಿ ಏನೋ ಇದೆ ಕಣೇ. ಕೇಳಿದ್ರೆ ಇಲ್ಲ ಅಂತಾರೆ."

ಹೊರಗೆ ನಡುಮನೆಯಲ್ಲಿ ಅವರ ಮಗ ಕೂತಿದ್ದ. ಅವನೂ ಡಾಕ್ಟರೇ. "ಅಮ್ಮಂಗೆ ಈಗೀಗ ಭ್ರಮೆ. ನೀವು ಮನಸ್ಸಿಗೆ ಹಚ್ಕೋಬೇಡಿ," ಎಂದ.

"ನೀವು ಬೆರೆಸ್ತಿದೀರಾ?" ಎಂದು ಕೇಳಿದೆ.

ಅವನು ಮೊಬೈಲು ಕೆಳಗಿಟ್ಟ. "ನಿದ್ದೆ ಮಾತ್ರೆ, ಪುಡಿ ಮಾಡಿ ಹಾಕ್ತೀವಿ. ಹೇಳಿದ್ರೆ ನೂರು ಪ್ರಶ್ನೆ ಕೇಳ್ತಾರೆ."

ಅವರ ಮಗನಾಗಿ ಈ ಮಾತು. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಮಾತ್ರೆ ಹಾಳೆಯನ್ನು ಇಸಿದುಕೊಂಡು ಒಳಗೆ ಹೋದೆ. "ಬೆರೆಸ್ತಿದಾರೆ ಮೇಡಂ. ಇದನ್ನ."

ಅವರು ಅದನ್ನು ಕಣ್ಣ ಹತ್ತಿರ ಹಿಡಿದು ಹೆಸರು ಓದಿದರು. "ಇದಾ. ಕೊಟ್ಟಿದ್ರೆ ನಾನೇ ನುಂಗ್ತಿದ್ದೆನಲ್ಲೇ." ಒಂದು ಮಾತ್ರೆ ಬಿಡಿಸಿ ಬಾಯಿಗೆ ಹಾಕಿಕೊಂಡರು. ನಾನು ನೀರು ಕುಡಿಸಿದೆ.

ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಕೂತಿದ್ದೆವು. ಪಂಕ್ತಿ ವಿಚಾರಿಸುತ್ತಾ ಬಂದ ಮಗ ನೆಂಟರೊಬ್ಬರಿಗೆ, "ಕೊನೇಲಿ ತಲೆ ಸ್ವಲ್ಪ ಸರಿ ಇರ್ಲಿಲ್ಲ, ಪಾಪ. ಹಾಲಲ್ಲಿ ವಿಷ ಅಂತಿದ್ರು," ಎಂದ.

ನಾನು ಎಲೆ ಬಿಟ್ಟು ಎದ್ದೆ. "ಅವರು ವಿಷ ಅನ್ಲಿಲ್ಲ. ಏನೋ ಇದೆ ಅಂದ್ರು. ಇತ್ತು. ಹಾಕಿದ್ದು ನೀವು."

ಬಡಿಸುವವರ ಕೈ ನಿಂತಿತು. ಎಲ್ಲರೂ ನನ್ನ ಕಡೆ ನೋಡಿದ ಆ ನೋಟ ನನಗೆ ಹಳೇ ಪರಿಚಯ. "ಇವಳಿಗೂ ಮುಂಚೆ ಅದೇ ಕಾಯಿಲೆ ಇತ್ತಂತೆ," ಎಂದು ಮೂರನೇ ಎಲೆಯ ಹೆಂಗಸು ಪಕ್ಕದವರಿಗೆ ಪಿಸುಗುಟ್ಟಿದರು. ನನಗೆ ಸರಿಯಾಗಿಯೇ ಕೇಳಿಸಿತು.