ಐದು ಹೆಜ್ಜೆ ಆಚೆ ನಿಂತ ಕೋಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಳಿಜಾರಿನ ಮುಳ್ಳುಪೊದೆಯ ನಡುವಿನಿಂದ ಕೆಂಪು, ಬಿಳಿ ಗುರುತಿನ ಅಳತೆಕೋಲೊಂದು ತಲೆ ಎತ್ತಿ ನಿಂತಿದೆ. ಹಿಡಿದವರು ಕಾಣುತ್ತಿಲ್ಲ. ಕೆಳಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲಿರುವ ಲೆವೆಲ್ ಯಂತ್ರಕ್ಕೆ ಕಣ್ಣಿಟ್ಟ ಎಂಜಿನಿಯರ್ ಯುವತಿ, "ಅಣ್ಣಾ, ಸಿಕ್ಕಿಹಾಕ್ಕೊಂಡ್ರಾ?" ಎಂದು ಕೂಗುತ್ತಾಳೆ.

"ನಾನು ಸಿಕ್ಕಿಹಾಕ್ಕೊಂಡಿದ್ದೀನಿ ಮೇಡಂ, ಕೋಲು ನೆಟ್ಟಗಿದೆ. ನೀವು ಓದ್ಕೊಳ್ಳಿ," ಎಂದು ಪೊದೆ ಉತ್ತರ ಕೊಡುತ್ತದೆ.

ಅವರು ಕೋಲಣ್ಣ. ವಯಸ್ಸು ಐವತ್ತೆಂಟು, ಅದರಲ್ಲಿ ಮೂವತ್ತೊಂದು ವರ್ಷ ಈ ಕೋಲಿನ ಜೊತೆಗೇ ಕಳೆದಿದೆ. ಮನೆ ಕಟ್ಟುವ ಮೊದಲು ನೆಲದ ಏರಿಳಿತ ಅಳೆಯಬೇಕು. ಒಬ್ಬರು ಯಂತ್ರದಲ್ಲಿ ನೋಡುತ್ತಾರೆ, ಇನ್ನೊಬ್ಬರು ನಾಲ್ಕು ಮೀಟರಿನ ಕೋಲು ಹೊತ್ತು ಐದೈದು ಮೀಟರಿಗೊಮ್ಮೆ ನಿಲ್ಲುತ್ತಾ ಹೋಗುತ್ತಾರೆ. ಕೋಲಿನ ಮೇಲಿನ ಅಂಕಿ ಹಾಳೆಗೆ ಇಳಿಯುತ್ತದೆ, ಹಾಳೆಯಿಂದ ನಕ್ಷೆಯಾಗುತ್ತದೆ, ನಕ್ಷೆಯ ಮೇಲೆ ಮನೆ ಏಳುತ್ತದೆ. ಕೋಲಣ್ಣ ದಿನಕ್ಕೆ ಇನ್ನೂರೈವತ್ತರಿಂದ ಮುನ್ನೂರು ಕಡೆ ನಿಲ್ಲುತ್ತಾರೆ, ಏಳೆಂಟು ಕಿಲೋಮೀಟರ್ ನಡೆಯುತ್ತಾರೆ. ವರ್ಷಕ್ಕೆ ಎರಡು ಜೊತೆ ಬೂಟು ಸವೆಯುತ್ತವೆ. ಕೋಲು ಹೊತ್ತೂ ಹೊತ್ತೂ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿದೆ. "ಊರಿನ ಲೆವೆಲ್ಲೆಲ್ಲ ನೋಡಿ ನನ್ನ ಲೆವೆಲ್ಲೇ ಹೋಯ್ತು," ಎಂದು ಅವರೇ ನಗುತ್ತಾರೆ. ಹೆಂಡತಿಯ ದೂರು ಬೇರೆ: "ಮದುವೆಮನೆ ಫೋಟೊದಲ್ಲೂ ಕಂಬದ ಥರ ನಿಂತಿರ್ತಾರೆ. ರೀ, ಸ್ವಲ್ಪ ಅಲ್ಲಾಡಿ ಅಂದ್ರೆ, ಓದ್ಕೊಂಡ್ರಾ ಅಂತ ಕೇಳ್ತಾರೆ."

ಇಷ್ಟೆಲ್ಲ ಹಾಸ್ಯದ ನಡುವೆಯೂ ಈ ಒಂದು ಪೊದೆಯ ಹತ್ತಿರ ಬಂದರೆ ಅವರ ಮುಖ ಸಪ್ಪಗಾಗುತ್ತದೆ. ಕಾರಣ ಕೆಳಗಿನ ಮನೆಗಳಲ್ಲಿದೆ.

ನಗರದ ಅಂಚಿನ ಈ ಇಳಿಜಾರಿನಲ್ಲಿ ನಲವತ್ತೆರಡು ಮನೆಗಳಿವೆ. ಗುಡ್ಡವನ್ನು ಕಡಿದು ಸಪಾಟು ಮಾಡದೆ, ಗುಡ್ಡ ಹೇಗೆ ಇಳಿಯುತ್ತದೋ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ ಮನೆಗಳು. ಒಂದು ಮನೆಯ ತಾರಸಿ ಮೇಲಿನ ಮನೆಯ ಅಂಗಳ. ಗೋಡೆಯ ಇಟ್ಟಿಗೆ ಅಲ್ಲೇ ಅಗೆದ ಮಣ್ಣಿನದು. ಹಿಂಗೋಡೆಯ ಕೆಳಗಿನ ಅರ್ಧ ಗುಡ್ಡಕ್ಕೆ ಬೆನ್ನು ಕೊಟ್ಟು ಕೂತಿರುವುದರಿಂದ ಕಡುಬೇಸಗೆಯಲ್ಲೂ ಒಳಗೆ ಫ್ಯಾನು ಬೇಡ. ಪ್ರತಿ ಮನೆಯ ಹಿಂದೆ ಒಂದು ಮಣ್ಣಿನ ಪಾತಿ. ಮೇಲಿನ ಸಾಲಿನ ಪಾತಿಗಳಾಚೆಗೆ ಯಾರೂ ಮುಟ್ಟಬಾರದ ಕುರುಚಲು ಕಾಡು. ಇವನ್ನು ರೂಪಿಸಿದ ವಾಸ್ತುಶಿಲ್ಪಿಯ ಕಚೇರಿಗೆ, ಅಂದರೆ ಕೋಲಣ್ಣನ ಕಚೇರಿಗೇ, ಇದರಿಂದ ಮೂರು ಪ್ರಶಸ್ತಿ ಬಂದಿವೆ. 'ನೆಲ ಹೇಳಿದ್ದನ್ನು ನಾವು ಕೇಳಿದೆವು' ಎಂದು ಅವರು ವೇದಿಕೆಗಳಲ್ಲಿ ಹೇಳುತ್ತಾರೆ. ನೆಲ ಹೇಳಿದ್ದನ್ನು ಹಾಳೆಗೆ ಮುಟ್ಟಿಸಿದವರು ಯಾರೆಂದು ಯಾರೂ ಕೇಳಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು ಎಂದು ಕೋಲಣ್ಣನಿಗೆ ಎಷ್ಟೋ ಸಲ ಅನ್ನಿಸಿದೆ.

ಎಂಟು ವರ್ಷದ ಹಿಂದೆ ಇಲ್ಲಿ ಅಳತೆ ನಡೆದಾಗ ಈ ಪೊದೆಯೊಳಗೆ ಕಣಜದ ಗೂಡಿತ್ತು. ಅದೇ ವಾರ ಇನ್ನೊಂದು ಕೆಲಸದಲ್ಲಿ ಕಣಜ ಕಚ್ಚಿ ಅವರ ಮುಖ ಬುರುಬುರು ಊದಿತ್ತು. ಪೊದೆಯ ಕೆಳಗೆ ತಗ್ಗು ಇರುವುದು ಕಾಲಿಗೆ ಗೊತ್ತಾಯಿತು. ಆದರೂ ಐದು ಹೆಜ್ಜೆ ಪಕ್ಕಕ್ಕೆ ಸರಿದು, ಗಟ್ಟಿ ದಿಬ್ಬದ ಮೇಲೆ ಕೋಲು ಇಟ್ಟು "ಹ್ಞೂಂ" ಅಂದರು. ಯಂತ್ರ ಹಿಡಿದವರು ಅಲ್ಲಿಂದ ಓದಿ ಬರೆದುಕೊಂಡರು. ಹಾಳೆಯಲ್ಲಿ ತಗ್ಗು ಮಾಯವಾಯಿತು.

"ಒಂದು ಜಾಗ ತಾನೇ ಅಂದ್ಕೊಂಡೆ," ಎನ್ನುತ್ತಾರೆ ಕೋಲಣ್ಣ. "ಇಡೀ ಗುಡ್ಡದ ನೀರು ಆ ಒಂದು ಜಾಗಕ್ಕೇ ಬರುತ್ತೆ ಅಂತ ನನಗೆ ಹೊಳೀಲಿಲ್ಲ. ಇಲ್ಲ, ಸುಳ್ಳು ಹೇಳಬಾರದು. ಹೊಳೀತು. ಯಾರು ಕಚ್ಚಿಸ್ಕೊಳ್ತಾರೆ ಅಂತ ಸುಮ್ಮನಾದೆ."

ತಗ್ಗಿಗೆ ನೇರವಾಗಿ ಕೆಳಗೆ, ಮೇಲಿನ ಸಾಲಿನ ಕೊನೆಯ ಮನೆ. ಅಲ್ಲಿರುವುದು ಹೊಲಿಗೆಯಕ್ಕ. ಅರವತ್ತೆರಡರ ಒಂಟಿ ಜೀವ, ಕತ್ತಿನಲ್ಲಿ ಸದಾ ಟೇಪು. ಮನೆ ಕೈಗೆ ಬಂದ ಮೊದಲ ಮಳೆಗಾಲಕ್ಕೇ ಹಿಂಗೋಡೆ ಬೆವರಿತು. ಎರಡನೆಯದಕ್ಕೆ ಹಸಿರು ಪಾಚಿ ಹಿಡಿಯಿತು. ಹೊಲಿಯಲು ಕೊಟ್ಟ ಬಟ್ಟೆಗೆ ಮುಗ್ಗಲು ವಾಸನೆ, ಬಿಳಿ ಬಟ್ಟೆಗೆ ಕಪ್ಪು ಚುಕ್ಕೆ. ಗಿರಾಕಿಗಳು ಒಬ್ಬೊಬ್ಬರೇ ಬೇರೆ ದಾರಿ ನೋಡಿಕೊಂಡರು. ನಿವಾಸಿಗಳ ಸಂಘ ಸಭೆ ಕರೆದು, ನಕ್ಷೆ ಹರಡಿ, ಮೇಲಿನಿಂದ ನೀರು ಬರಲು ದಾರಿಯೇ ಇಲ್ಲವೆಂದು ತೀರ್ಮಾನಿಸಿತು. ಹಾಗಾದರೆ ನೀರು ಎಲ್ಲಿಂದ ಬಂತು? ಅಕ್ಕ ಪಾತಿಗೆ ಅತಿಯಾಗಿ ಸುರಿಯುತ್ತಾರೆ, ಅಷ್ಟೇ ಎಂದರು.

ಅಕ್ಕ ಅದನ್ನು ನಂಬಿಬಿಟ್ಟರು. ಟೊಮೆಟೊ, ಸೊಪ್ಪು ಎಲ್ಲ ಕಿತ್ತರು. ಹಿಂಗೋಡೆ ಹತ್ತಿ ತಾರಸಿವರೆಗೂ ಹಬ್ಬಿದ್ದ ಹೂಬಳ್ಳಿಯನ್ನು ಬಟ್ಟೆ ಕತ್ತರಿಸುವ ಕತ್ತರಿಯಲ್ಲೇ ಕತ್ತರಿಸಿ ಹಾಕಿದರು. ಆ ಪಾತಿಗಾಗಿಯೇ ಅವರು ಈ ಮನೆ ಆರಿಸಿಕೊಂಡಿದ್ದು.

ಅದಾದ ಕೆಲವೇ ದಿನಕ್ಕೆ ಕೋಲಣ್ಣ ಬೇರೆ ಯಾವುದೋ ಅಳತೆಗೆ ಇಲ್ಲಿಗೆ ಬಂದಿದ್ದರು. ಬಾಯಾರಿ ಕೊನೆಯ ಮನೆಯ ಬಾಗಿಲು ತಟ್ಟಿದರು. ಅಕ್ಕ ಚೊಂಬು ತುಂಬ ನೀರು ಕೊಟ್ಟು, ಖಾಲಿ ಪಾತಿ ತೋರಿಸಿ, "ನಂದೇ ತಪ್ಪು ನೋಡಿ, ಗಿಡದ ಮೇಲಿನ ಆಸೆಗೆ ಮನೆ ಹಾಳು ಮಾಡ್ಕೊಂಡೆ" ಎಂದರು. ಕೋಲಣ್ಣ ತಲೆ ಎತ್ತಿ ನೋಡಿದರು. ನೇರ ಮೇಲೆ ಅದೇ ಪೊದೆ.

"ಅವರು ಕೊಟ್ಟ ನೀರು ಕುಡಿದು, ಚೊಂಬು ತೊಳೆದಿಟ್ಟು ಬಂದೆ. ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತೆ ಅನ್ನೋ ಭಯ. ಕೋಲು ಹಿಡಿಯೋನ ಮಾತು ಯಾರು ಕೇಳ್ತಾರೆ ಅಂತಲೂ ಸಮಾಧಾನ ಮಾಡ್ಕೊಂಡೆ. ಅದು ನೆಪ. ನಾಲ್ಕು ವರ್ಷ ಆ ನೆಪ ಹಿಡ್ಕೊಂಡೇ ಊಟ ಮಾಡಿದ್ದೀನಿ."

ಈ ವರ್ಷ ಪೊದೆಯ ಆಚೆ ಮಗ್ಗುಲಿಗೆ ಹದಿನೆಂಟು ಹೊಸ ಮನೆಗಳ ಯೋಜನೆ ಬಂತು. ಅಳತೆಗೆ ಡ್ರೋನ್ ಹಾರಿಸಿದರು. ಮೂವತ್ತೊಂದು ವರ್ಷದ ಕೋಲು ಇನ್ನು ಮೂಲೆಗೆ ಎಂದು ಕಚೇರಿಯಲ್ಲಿ ತಮಾಷೆ ನಡೆಯಿತು. ಡ್ರೋನಿನ ನಕ್ಷೆ ಬಂದಾಗ ಕೋಲಣ್ಣ ಕಂಪ್ಯೂಟರಿನ ಮುಂದೆ ಕೂತಿದ್ದ ಎಂಜಿನಿಯರ್ ಯುವತಿಯ ಹಿಂದೆ ನಿಂತು ಇಣುಕಿದರು. ಪೊದೆಯ ಜಾಗ ಅಂಗೈಯಷ್ಟು ಸಪಾಟು. ಮೇಲಿನಿಂದ ನೋಡಿದ ಯಂತ್ರಕ್ಕೆ ಗಿಡಗಳ ತಲೆ ಕಂಡಿತ್ತು, ಬುಡ ಕಂಡಿರಲಿಲ್ಲ.

"ಮೇಡಂ, ಅಲ್ಲಿ ತಗ್ಗಿದೆ," ಎಂದರು.

"ನಿಮಗೆ ಹೇಗೆ ಗೊತ್ತು?"

"ಎಂಟು ವರ್ಷದ ಹಿಂದೆ ಕಾಲಿಟ್ಟಿದ್ದೆ."

"ಮತ್ತೆ ಹಳೇ ಹಾಳೆಯಲ್ಲೂ ಇಲ್ವಲ್ಲ ಅಣ್ಣಾ?"

ಆಗ ಹೇಳಿದರು. ಮೊದಲು ಆಕೆಗೆ, ಸಂಜೆಯ ಹೊತ್ತಿಗೆ ವಾಸ್ತುಶಿಲ್ಪಿಗೆ, ಮಾರನೆಯ ದಿನ ಹೊಲಿಗೆಯಕ್ಕನಿಗೆ. ವಾಸ್ತುಶಿಲ್ಪಿ ಹಳೇ ಹಾಳೆ ತರಿಸಿ ನೋಡಿದರು. ಆಮೇಲೆ, ತಾನೂ ಒಂದು ಸಲ ಆ ಪೊದೆ ಹೊಕ್ಕು ನೋಡಬೇಕಿತ್ತು ಎಂದರು. ಕೆಲಸದಿಂದ ತೆಗೆಯಲಿಲ್ಲ. ಹೊಲಿಗೆಯಕ್ಕ ಬಟ್ಟೆಯಿಂದ ಕೈ ತೆಗೆಯದೆ ಎಲ್ಲ ಕೇಳಿಸಿಕೊಂಡರು. "ಆವತ್ತು ನೀರು ಕುಡಿಯೋವಾಗ ನಿಮಗೆ ಗೊತ್ತಿತ್ತಾ?" ಎಂದು ಒಂದೇ ಮಾತು ಕೇಳಿದರು. ಗೊತ್ತಿತ್ತು ಅಂದಾಗ, "ಸಂಘದ ಸಭೆಯಲ್ಲಿ ಬಂದು ಹೇಳಿ" ಎಂದು ಬಾಗಿಲು ಮುಂದೆ ಮಾಡಿದರು. ಕೋಲಣ್ಣ ಹೋಗಿ ಹೇಳಿದರು. ನಲವತ್ತೆರಡು ಮನೆಗಳಿಂದ ಅಂದು ಬಂದಿದ್ದವರು ಒಂಬತ್ತು ಜನ.

ಈಗ ತಗ್ಗಿನ ನೀರನ್ನು ಮನೆಗಳ ಹಿಂದೆಯೇ ತಿರುಗಿಸಿ ಕೆಳಗಿನ ಹೊಂಡಕ್ಕೆ ಒಯ್ಯಲು ಕಲ್ಲಿನ ಕಾಲುವೆ ಮಾಡುತ್ತಾರೆ. ಇಂದಿನ ಅಳತೆ ಅದಕ್ಕೇ. ಐದು ಮೀಟರಿಗೊಮ್ಮೆ ಸಾಕೆಂದರೂ ಕೋಲಣ್ಣ ಒಂದೊಂದು ಮೀಟರಿಗೆ ನಿಲ್ಲುತ್ತಿದ್ದಾರೆ. ಕೈಯೆಲ್ಲ ತರಚಿದೆ. ಕಾಲುವೆ ಆದರೂ ಗೋಡೆ ಪೂರ್ತಿ ಒಣಗಲು ಎರಡು ಬೇಸಗೆ ಬೇಕಂತೆ. ಅಷ್ಟರಲ್ಲಿ ಅವರು ನಿವೃತ್ತರು.

ಪಟ್ಟಿಯಲ್ಲಿದ್ದ ಜಾಗಗಳೆಲ್ಲ ಮುಗಿದ ಮೇಲೆ ಅವರು ತಗ್ಗಿನಿಂದ ಹತ್ತಿ, ಐದು ಹೆಜ್ಜೆ ಪಕ್ಕಕ್ಕೆ ನಡೆದು, ದಿಬ್ಬದ ಮೇಲೆ ಕೋಲು ಊರುತ್ತಾರೆ.

"ಅದು ಬೇಡ ಅಣ್ಣಾ, ಪಟ್ಟಿಯಲ್ಲಿಲ್ಲ."

"ನನಗೆ ಬೇಕು ಮೇಡಂ. ಆವತ್ತು ನಿಂತಿದ್ದು ಇಲ್ಲೇ."

ಎಂಜಿನಿಯರ್ ಓದಿ, ಲೆಕ್ಕ ಹಾಕಿ ಹೇಳುತ್ತಾಳೆ: "ತಗ್ಗಿಗೂ ದಿಬ್ಬಕ್ಕೂ ಒಂದು ಮೀಟರ್ ಹನ್ನೊಂದು ಸೆಂಟಿಮೀಟರ್ ವ್ಯತ್ಯಾಸ."

ಕೋಲಣ್ಣ ಕೋಲಿನ ಮೇಲೆ ಅಷ್ಟು ಎತ್ತರವನ್ನು ಹುಡುಕಿ ಬೆರಳಿಡುತ್ತಾರೆ. ಅದು ಅವರ ಹೊಕ್ಕುಳಿಗಿಂತ ಮೇಲೆ ಬರುತ್ತದೆ. ಕೆಳಗೆ, ಕೊನೆಯ ಮನೆಯ ಹಿಂಬಾಗಿಲಲ್ಲಿ ಹೊಲಿಗೆಯಕ್ಕ ನಿಂತು ನೋಡುತ್ತಿದ್ದಾರೆ. ಪಾತಿ ಇನ್ನೂ ಬರಿದಾಗಿದೆ. ಕೋಲಣ್ಣ ಕೈ ಎತ್ತುತ್ತಾರೆ. ಅಕ್ಕ ಎತ್ತುವುದಿಲ್ಲ, ಒಳಗೂ ಹೋಗುವುದಿಲ್ಲ.

ಪತ್ರಿಕೆಯ ಈ ಲೇಖನಕ್ಕೆ ಒಂದು ಫೋಟೊ ಬೇಕೆಂದು ಕೇಳಿದಾಗ ಕೋಲಣ್ಣ ಕೋಲು ಮಡಚಿ ಚೀಲಕ್ಕೆ ಹಾಕುತ್ತಾರೆ.

"ನನ್ನ ಫೋಟೊ ಬೇಡ. ಆ ಅಕ್ಕ ಗಿಡಕ್ಕೆ ನೀರು ಹಾಕಿದ್ದು ಸರಿಯಾಗೇ ಇತ್ತು ಅಂತ ಒಂದು ಸಾಲು ಬರೀರಿ ಸಾಕು. ಸಭೆಗೆ ಬಾರದವರೂ ಪೇಪರ್ ಓದ್ತಾರೆ."